ಅವಿನಾಶನಿಗೆ ಬರೆಸಿದ ಪತ್ರಗಳು

ಮಾಳವ್ವ, ಅವತ್ತು ನಾನು ಮನೆಯಲ್ಲೇ ಇದ್ದೆ.

ನಿಮ್ಮ ಅಪ್ಪ ಸಾಲೋಟಗಿಯಿಂದ ಇಂಡಿಗೆ ಬಂದು, ನಮ್ಮ ಅಪ್ಪನ ಮೇಜಿನ ಮೇಲೆ ಆ ನೋಟ್‌ಬುಕ್ ಇಟ್ಟಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೀನು ತಿಳಿದುಕೊಂಡ ಹಾಗೆ ವಿಜಯಪುರದಲ್ಲಿದ್ದ ಅವ್ವನ ತಂಗಿ, ಮಾವಶಿಯ ಮನೆಗೆ ಹೋಗಿರಲಿಲ್ಲ. ನನ್ನನ್ನು ಕರೆದರು, ಕೇಳಿದರು, ನಾನು ಉತ್ತರ ಕೊಟ್ಟೆ. ಆ ಉತ್ತರದಿಂದ ನಿನ್ನ ಕಾಲೇಜು ನಿಂತಿತು. ಹದಿನಾರು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ — ಇನ್ನು ನನ್ನಿಂದ ಆಗುವುದಿಲ್ಲ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ಇದನ್ನು ನಿನ್ನ ಮಗಳೂ ಓದಬೇಕು ಅಂತ ನನ್ನ ಆಸೆ.

ಆಗ ನಾವಿಬ್ಬರೂ ಪಿಯುಸಿ ಮೊದಲ ವರ್ಷ. ನಾನು ಹೆಡ್‌ಮಾಸ್ತರರ ಮಗಳು, ನೀನು ಕುರಿ ಕಾಯುವವರ ಮಗಳು. ಕಾಲೇಜು ಬಿಟ್ಟ ಮೇಲೆ ನಿನ್ನ ಬಸ್ಸಿಗೆ ಇನ್ನೂ ಒಂದು ತಾಸು ಇರುತ್ತಿತ್ತು. ಆ ಒಂದು ತಾಸು ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ ಕೂತು ನಮ್ಮ ವಯಸ್ಸಿನ ಹುಡುಗ ಹುಡುಗಿಯರ ಕಾದಂಬರಿ ಓದುತ್ತಿದ್ದೆವು. ನಮ್ಮ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಕಂಡರೆ ಅಪ್ಪ ಹರಿದು ಎಸೆಯುತ್ತಿದ್ದರು. ಸಿನಿಮಾದ ಹೆಸರೆತ್ತಿದರೆ ಮುಗಿದೇ ಹೋಯಿತು.

ಓದಿ ಮುಗಿದ ಮೇಲೆ ಕಾದಂಬರಿಯ ಪಾತ್ರಗಳಿಗೆ ಪತ್ರ ಬರೆಯುವ ಹುಚ್ಚು ಹಿಡಿಸಿದವಳು ನಾನೇ. ಇಷ್ಟವಾದರೆ ಹೊಗಳುವುದು, ಸಿಟ್ಟು ಬಂದರೆ ಬೈಯುವುದು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ನಿನ್ನದು ಮುತ್ತು ಪೋಣಿಸಿದ ಹಾಗೆ. ಅದಕ್ಕೆ ನಾನು ಹೇಳುವುದು, ನೀನು ಬರೆಯುವುದು. ಇಡೀ ನೋಟ್‌ಬುಕ್ ಹಾಗೇ ತುಂಬಿತು — ಮಾತೆಲ್ಲ ನನ್ನದು, ಕೈ ಮಾತ್ರ ನಿನ್ನದು.

ಆಮೇಲೆ ಅವಿನಾಶ ಅನ್ನುವ ಹುಡುಗನ ಕಾದಂಬರಿ ಬಂತು. ಅದರಲ್ಲಿ ಅವನು ಹುಡುಗಿಗೆ ಮನೆ ಬಿಟ್ಟು ಬಾ ಅನ್ನುತ್ತಾನೆ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ಅವನು ಬರುವುದಿಲ್ಲ. ಅವಳು ಮನೆಗೆ ಹಿಂದಿರುಗಿ, ಮುಖ ತೊಳೆದು, ಮರುದಿನ ಪರೀಕ್ಷೆ ಬರೆಯುತ್ತಾಳೆ. ನನಗೆ ಎಷ್ಟು ಸಿಟ್ಟು ಬಂದಿತ್ತು! ಅದೇ ಕಥೆಯ ಸಿನಿಮಾ ಬಂದಾಗ ಮಾವಶಿಯ ಮಕ್ಕಳ ಜೊತೆ ವಿಜಯಪುರದಲ್ಲಿ ಕದ್ದು ನೋಡಿದೆ. ಸಿನಿಮಾದಲ್ಲಿ ಅವನು ಓಡೋಡಿ ಬಂದು ಬಸ್ಸು ಹತ್ತುತ್ತಾನೆ, ಹೊರಟ ಬಸ್ಸಿನಿಂದ ಕೈ ಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಮೇಲೊಂದು ಹಾಡು. ನಾನು ಅತ್ತೇ ಅತ್ತೆ. ಸೋಮವಾರ ಕಟ್ಟೆಯ ಮೇಲೆ ನಿನಗೆ ಇಡೀ ಸಿನಿಮಾ ಹಾಡು ಸಮೇತ ಹೇಳಿದೆ. ನೀನು ಎಲ್ಲ ಕೇಳಿ, ತಣ್ಣಗೆ ಒಂದೇ ಮಾತು ಕೇಳಿದಿ:

“ಎಲ್ಲಾ ಖರೆ ಪದ್ದಿ, ಆಕಿ ಪರೀಕ್ಷಾ ಯಾರು ಬರದ್ರು?”

ಮೈ ಉರಿದುಹೋಯಿತು ನನಗೆ. ನಿನಗೆ ಪ್ರೀತಿ ಅಂದರೆ ಏನು ಗೊತ್ತು ಅಂತ ಹಂಗಿಸಿದೆ. ಅದೇ ಸಿಟ್ಟಿನಲ್ಲಿ, ಅದೇ ಅಮಲಿನಲ್ಲಿ ಬರೆಸಿದ ಪತ್ರ ಅದು. ನನಗೆ ಈಗಲೂ ಬಾಯಿಪಾಠ ಇದೆ. “ಪ್ರೀತಿಯ ಅವಿನಾಶ, ನೀನು ಬಂದೇ ಬರುತ್ತೀ ಅಂತ ನನಗೆ ಗೊತ್ತು. ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಸಂಜೆ ಐದರ ಬಸ್ಸಿಗೆ ನಿಂತಿರುತ್ತೇನೆ, ನನ್ನನ್ನು ಕರೆದುಕೊಂಡು ಹೋಗು.” ನೀನು ಪೆನ್ನು ನಿಲ್ಲಿಸಿದಿ.

“ಇದರಾಗ ಪುಸ್ತಕ, ಸಿನಿಮಾ ಅಂತ ಎಲ್ಲೂ ಬಂದಿಲ್ಲಲೇ. ಯಾರರ ನೋಡಿದ್ರ?”

“ಯಾರು ನೋಡ್ತಾರ? ನಿಮ್ಮ ಮನ್ಯಾಗ ಇಡು. ಅಲ್ಲಿ ಯಾರಿಗೂ ಓದಲಿಕ್ಕೆ ಬರೂದಿಲ್ಲಲ್ಲ.”

ಈ ಮಾತನ್ನು ನಾನು ನಗುತ್ತಾ ಆಡಿದೆ, ಮಾಳವ್ವ. ನೀನು ನನ್ನ ಮುಖ ನೋಡಿದಿ. ಹಾಳೆ ತಿರುಗಿಸಿ, “ಇದೊಂದು ನಂದು,” ಅಂತ ನಿನ್ನದೇ ಮಾತು ಬರೆದಿ. ಬರೆದು ನನಗೆ ತೋರಿಸಿದಿ. ಇದು ನೆನಪಿನಲ್ಲಿರಲಿ — ನಾನು ಅದನ್ನು ಓದಿದ್ದೆ.

ಎಂಟೇ ದಿನಕ್ಕೆ, ನಿಮ್ಮ ಮನೆಯಲ್ಲಿ ಕಂಬಳಿಯ ಮಡಿಕೆಯೊಳಗೆ ನೀನು ಬಚ್ಚಿಟ್ಟಿದ್ದ ನೋಟ್‌ಬುಕ್ ಕೆಳಗೆ ಬಿತ್ತು. ನಾಲ್ಕನೇ ತರಗತಿವರೆಗೆ ಓದಿದ್ದ ನಿಮ್ಮ ವೈನಿ, ನಿನ್ನ ಅಣ್ಣನ ಹೆಂಡತಿ, ಮೊದಲ ಸಾಲನ್ನು ಕೂಡಿಸಿ ಕೂಡಿಸಿ ಓದಿದರಂತೆ — ಪ್ರೀತಿಯ ಅವಿನಾಶ. ಅಷ್ಟು ಸಾಕಾಯಿತು. ಪುಸ್ತಕದಲ್ಲಿನ ಹುಡುಗ ಅಂತ ನೀನು ಅಳುತ್ತಾ ಹೇಳಿದರೆ ಯಾರು ನಂಬುತ್ತಾರೆ? ಇಲ್ಲದವನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ? ನಿಮ್ಮ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ ಅಂದಿದ್ದೆನಲ್ಲ — ಅದಕ್ಕೇ ನಿಮ್ಮ ಅಪ್ಪ ಓದು ಬಲ್ಲವರನ್ನು ಹುಡುಕಿಕೊಂಡು ನಮ್ಮ ಮನೆಗೇ ಬಂದರು.

“ಮಾಸ್ತರ್ರ, ನಮಗ ತಿಳಿಯಂಗಿಲ್ಲರಿ. ನೀವs ಓದಿ ಹೇಳ್ರಿ. ಪುಸ್ತಕದಾಂವ ಅಂತಾಳ್ರಿ ಹುಡುಗಿ. ಹಂಗ ಇದ್ರ ಆಕಿನ್ನ ನಾಳೆ ಕಾಲೇಜಿಗೆ ಕಳಸ್ತೇನಿ.”

ಕೇಳಿದೆಯಾ? ನಿಮ್ಮ ಅಪ್ಪ ನಿನ್ನನ್ನು ನಂಬಲು ತಯಾರಿದ್ದರು. ಒಂದು ಮಾತಿಗಾಗಿ ಎಂಟು ಮೈಲಿ ಬಂದಿದ್ದರು.

ಅಪ್ಪ ಕನ್ನಡಕ ಹಾಕಿಕೊಂಡು ಆ ಪತ್ರ ಓದಿದರು. ಕಿವಿ ಕೆಂಪಾದವು. ನನ್ನನ್ನು ಕರೆದರು. ಪಕ್ಕದಲ್ಲಿ ನಿಂತಿದ್ದ ಅವ್ವನ ಸೆರಗು ಹಿಡಿದೆ.

“ಪದ್ಮಾ, ಈ ಅವಿನಾಶ ಯಾರು? ನಿನಗೇನರ ಗೊತ್ತದ?”

ಆಗ ನನ್ನ ತಲೆಯಲ್ಲಿ ಏನಿತ್ತು ಅಂತ ಎಷ್ಟು ಸಲ ಕೆದಕಿ ನೋಡಿದ್ದೇನೆ. ಕದ್ದು ನೋಡಿದ ಸಿನಿಮಾ. ಪಿಯುಸಿ ಮುಗಿದ ಮೇಲೆ ಧಾರವಾಡಕ್ಕೆ ಕಳಿಸುತ್ತೇನೆ ಅಂದಿದ್ದ ಅಪ್ಪನ ಮಾತು. ಅದು ತಪ್ಪಿದರೆ — ನನ್ನನ್ನೂ ಮನೆಯಲ್ಲಿ ಕೂಡಿಸಿದರೆ — ಇಷ್ಟೇ. ನಿನ್ನ ಮುಖ ನೆನಪಿಗೇ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರಲಿಲ್ಲ.

“ನನಗ ಗೊತ್ತಿಲ್ಲ ಅಪ್ಪಾ. ಅಕ್ಷರ ಆಕಿದು.”

ಅಕ್ಷರ ನಿನ್ನದೇ ಆಗಿತ್ತಲ್ಲ. ಆ ನಿಜವನ್ನು ಹೇಳಿಯೇ ನಾನು ಸುಳ್ಳು ಹೇಳಿದೆ. ಅಪ್ಪನ ಕೈ ಆ ಹಾಳೆಯ ಮೇಲೇ ಇತ್ತು. ಮಗುಚಿದ್ದರೆ ನೀನು ಬರೆದದ್ದು ಕಾಣುತ್ತಿತ್ತು. “ಅಪ್ಪಾ, ಒಂದು ಹಾಳಿ ಮುಂದ ನೋಡ್ರಿ” — ಇಷ್ಟು ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ. ಅಪ್ಪ ನೋಟ್‌ಬುಕ್ ಮುಚ್ಚಿದರು.

ನಿಮ್ಮ ಅಪ್ಪ ಏಳುವಾಗ ರುಮಾಲು ಸರಿ ಮಾಡಿಕೊಂಡು ಹೇಳಿದ್ದು ಇದು:

“ಈ ತಾಯಿನ್ನ ಕೇಳಿದ್ದು ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲರಿ. ಮಾಸ್ತರ ಮನಿ ಹುಡುಗಿ ಹೆಸರು ಇದರಾಗ ಬರಬಾರದು.”

ನಿನ್ನನ್ನು ಮುಳುಗಿಸಿದವಳ ಮಾನವನ್ನು ಅವರು ಕಾಪಾಡಿದರು. ನಿನಗೂ ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ ಅಂತ ಈಗ ಗೊತ್ತಾಗಿದೆ. ಮರುದಿನದಿಂದ ನೀನು ಬರಲಿಲ್ಲ. ಎರಡು ವರ್ಷಕ್ಕೆ ನಾಲತವಾಡಕ್ಕೆ ಕೊಟ್ಟರು ಅಂತ ಯಾರೋ ಹೇಳಿದರು. ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ.

ಮೊನ್ನೆ ತರಬೇತಿಗೆಂದು ಮುದ್ದೇಬಿಹಾಳಕ್ಕೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಕೂಗಿದಿ, ಎಲ್ಲರೆದುರೂ ತಬ್ಬಿಕೊಂಡಿ. ಪಕ್ಕದಲ್ಲಿ ನಿನ್ನ ಮಗಳು, ಏಳನೇ ತರಗತಿ, ಕೈಯಲ್ಲಿ ಒಂದು ಕಾದಂಬರಿ. ನಾನು ಟೀಚರ್ ಅಂತ ತಿಳಿದದ್ದೇ ಶುರುಮಾಡಿದಳು: ಇದರ ಸಿನಿಮಾ ಮೊಬೈಲಿನಾಗ ನೋಡೇನ್ರಿ, ಕಡೀಕ ಎಲ್ಲಾ ಕೆಡಿಸ್ಯಾರ್ರಿ, ಪುಸ್ತಕದಾಗ ಆ ಗೆಳತಿ ಸಾಯೂದಿಲ್ಲರಿ! ಎಷ್ಟು ಸಿಟ್ಟು ಆ ಮುಖದಲ್ಲಿ. ನಾನು ನಗುತ್ತಾ, ಇದನ್ನೆಲ್ಲ ಬರೆದಿಡು ಪುಟ್ಟಿ, ಅಂದೆ. ಅವಳು ನಿನ್ನ ಕಡೆ ನೋಡಿದಳು. ನೀನು ಹೇಳಿದಿ:

“ಓದಲಿ ಬೇಕಾದಷ್ಟು. ಬರಿಯಾಕ ಮಾತ್ರ ನಾ ಬಿಡಂಗಿಲ್ಲ. ನನ್ನ ಮಗಳ ಕೈಲೆ ಒಂದು ಸಾಲು ಬರಿಸಂಗಿಲ್ಲ.”

ಆಮೇಲೆ ನನ್ನ ಕೈ ಹಿಡಿದು, ಮೆಲ್ಲಗೆ: “ಅವತ್ತು ನೀ ವಿಜಯಪುರಕ್ಕ ಹೋಗಿದ್ದಿ ಅಂತ ಅಪ್ಪ ಅಂದಿದ್ದ. ಮನ್ಯಾಗ ಇದ್ದಿದ್ರ ಹೇಳತಿದ್ದಿ ಬಿಡು. ನನ್ನ ನಸೀಬ.”

ಕೈ ನಿನ್ನ ಕೈಯಲ್ಲಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಹೇಳಬಹುದಿತ್ತು. ನಾನು “ಹೂಂ” ಅಂದೆ. ಹದಿನಾರಕ್ಕೆ ಹೆದರಿದೆ ಅನ್ನಬಹುದು, ಮೂವತ್ತೆರಡಕ್ಕೆ ಏನನ್ನಲಿ? ಸಿಂದಗಿಯ ನನ್ನ ತರಗತಿಯಲ್ಲಿ ದಿನಾ ಮಕ್ಕಳಿಗೆ ಹೇಳುತ್ತೇನೆ — ಪುಸ್ತಕ ಓದಿ ಅನಿಸಿದ್ದನ್ನು ಅಂಜದೆ ಬರೀರಿ ಅಂತ. ಥೂ, ಯಾವ ಬಾಯಿಂದ!

ಇನ್ನೊಂದೂ ಉಳಿದಿದೆ. ಆ ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕು ಅಂತ ಅಪ್ಪ ನನ್ನ ಕೈಗೇ ಕೊಟ್ಟಿದ್ದರು. ನಾನು ಹಾಕಲಿಲ್ಲ. ಟ್ರಂಕಿನ ತಳದಲ್ಲಿ ಇಟ್ಟೆ. ಅಂದರೆ ಮರುದಿನವೇ, ಮರುವಾರವೇ, ನಿನ್ನ ಮದುವೆಯ ಹಿಂದಿನ ದಿನವೂ ಅದನ್ನು ತೆಗೆದುಕೊಂಡು ಸಾಲೋಟಗಿಗೆ ಬರಬಹುದಿತ್ತು. ಬರಲಿಲ್ಲ. ನಿನ್ನ ಪುಟವನ್ನು ಇಲ್ಲಿ ಹಾಗೇ ಇಳಿಸುತ್ತಿದ್ದೇನೆ:

“ನನಗ ಈ ಅವಿನಾಶ ಬ್ಯಾಡ. ಪುಸ್ತಕದಾಗಿನ ಹುಡುಗಿನs ಶಾಣ್ಯಾಕಿ. ಸಿನಿಮಾದವರು ಆಕಿ ಪರೀಕ್ಷಾ ತಪ್ಪಿಸಿ ಆಕಿಗೆ ಹಾಡು ಕೊಟ್ಟಾರ. ನಾ ಆಗಿದ್ರ ಬಸ್ ಬಿಟ್ಟು ಪರೀಕ್ಷಾ ಬರೀತಿದ್ದೆ.”

ಇದನ್ನು ಬರೆದವಳು ಪರೀಕ್ಷೆ ಬರೆಯಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಮುಂಜಾನೆಯ ಬಸ್ಸಿಗೆ ಬಾಗೇವಾಡಿಗೆ ಬಂದು, ಅಲ್ಲಿಂದ ನಾಲತವಾಡಕ್ಕೆ ಬರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನೋಟ್‌ಬುಕ್ಕನ್ನೂ ಈ ಪತ್ರವನ್ನೂ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಹೊರಗೆ ಹಾಕಿದರೆ ಎದ್ದು ಬರುತ್ತೇನೆ. ನಿನ್ನ ಮಗಳು ಕೇಳುವ ಹಾಗೆ ಒಂದು ಮಾತು ಹೇಳುತ್ತೇನೆ — ನಿನ್ನ ಅವ್ವನನ್ನು ಕೆಡಿಸಿದ್ದು ಬರವಣಿಗೆಯಲ್ಲ, ನಾನು.

ಇದನ್ನು ಯಾರ ಕೈಯಿಂದಲೂ ಬರೆಸಿಲ್ಲ, ಮಾಳವ್ವ. ಕೋಳಿ ಕೆದರಿದ ಹಾಗಿದೆ, ಓದಲು ಕಷ್ಟವಾದೀತು. ಅಕ್ಷರ ನಂದು.