ಅತಿಥಿಗಾಗಿ ಒರೆಸಿದ ಐಸ್

ನನಗೆ ಆ ಆಟ ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಿಡಿಯಿರುವ, ರುಬ್ಬುಗುಂಡಿನಂಥ ಭಾರದ ಕಲ್ಲೊಂದನ್ನು ಐಸಿನ ಮೇಲೆ ಜಾರಿಬಿಡುವುದು, ಅದರ ಮುಂದೆ ಇಬ್ಬರು ಪೊರಕೆ ಹಿಡಿದು ಉಜ್ಜುತ್ತಾ ಓಡುವುದು, ಕಲ್ಲು ಹೋಗಿ ದೂರದ ವೃತ್ತದೊಳಗೆ ನಿಂತರೆ ಚಪ್ಪಾಳೆ ತಟ್ಟುವುದು. ಇದಕ್ಕೆ ಕರ್ಲಿಂಗ್ ಎಂದು ಹೆಸರು. ಮನೆಯಲ್ಲಿ ಒಂದು ದಿನವೂ ಪೊರಕೆ ಮುಟ್ಟದ ನನ್ನ ಮಗಳು ಇದಕ್ಕಾಗಿ ಪ್ರತಿ ಭಾನುವಾರ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಿಂದ ಗುರುಗ್ರಾಮದ ಮಾಲ್‌ಗೆ ಮೆಟ್ರೋ ಹಿಡಿದು ಹೋಗುತ್ತಿದ್ದಳು. ನಾನು ಗೊಣಗಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಜಗಳ ನಿಜವಾಗಿಯೂ ಬಿಸಿಯಾದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ.

ಆ ವರ್ಷ ರಾಷ್ಟ್ರೀಯ ಯುವ ಕ್ರೀಡಾಕೂಟದ ಕರ್ಲಿಂಗ್ ಸ್ಪರ್ಧೆ ಅದೇ ಮಾಲಿನ ಐಸ್ ಅಂಗಳದಲ್ಲಿ ನಡೆಯಿತು. ನನ್ನ ಗ್ರಹಚಾರಕ್ಕೆ, ಕೇಂದ್ರ ಸರ್ಕಾರದ ಗುಮಾಸ್ತನಾದ ನನ್ನನ್ನು ಅತಿಥಿಗಳ ಉಸ್ತುವಾರಿಗೆಂದು ಅಲ್ಲಿಗೇ ನಿಯೋಜಿಸಿದರು. ಮಗಳ ತಂಡ ಫೈನಲ್ ತಲುಪಿತ್ತು. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಅವಕಾಶ ಎಂದು ನನ್ನ ಕಿವಿ ತೂತಾಗುವಷ್ಟು ಸಲ ಹೇಳಿದ್ದಳು.

ಮುಖ್ಯ ಅತಿಥಿ ಬರುವ ಅರ್ಧ ಗಂಟೆ ಮೊದಲು ಅಂಗಳ ನೋಡಿ ನನಗೆ ಮೈಯುರಿಯಿತು. ಐಸಿನ ತುಂಬಾ ಹನಿಹನಿಯಾಗಿ ಹೆಪ್ಪುಗಟ್ಟಿದ ತರಿ. ಐಸ್ ನೋಡಿಕೊಳ್ಳುವವನು ಫರೀದಾಬಾದಿನಿಂದ ಬರುತ್ತಿದ್ದ ನಡುವಯಸ್ಸಿನ ಮನುಷ್ಯ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬೆಳಿಗ್ಗೆಯಿಂದ ನೀರು ಚಿಮುಕಿಸುತ್ತಿದ್ದ. ಇದನ್ನೆಲ್ಲ ತೆಗೆದು ಒರೆಸು ಎಂದೆ. ಅವನು ಕೈಮುಗಿದು, ಇದು ಕೊಳೆಯಲ್ಲ, ಈ ಹನಿಗಳ ಮೇಲೆಯೇ ಕಲ್ಲು ಜಾರುವುದು, ಒರೆಸಿದರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ ಎಂದ. ನನಗೇ ಪಾಠ ಹೇಳುತ್ತೀಯಾ ಎಂದು ಗದರಿದೆ. ಫೋಟೋ ಕೆಟ್ಟರೆ ಬೈಸಿಕೊಳ್ಳುವವನು ಇವನಲ್ಲ, ನಾನು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಅದೊಂದೇ, ದೊಡ್ಡವರು ಬರುವ ಮುನ್ನ ನೆಲ ಹೊಳೆಯಬೇಕು. ಅವನು ಮುಖ ಗಂಟಿಕ್ಕಿಕೊಂಡು ಯಂತ್ರ ಓಡಿಸಿ ಎಲ್ಲವನ್ನೂ ಸಮ ಮಾಡಿದ. ಐಸ್ ಕನ್ನಡಿಯಂತಾಯಿತು.

ಅತಿಥಿ ತಡವಾಗಿ ಬಂದರು, ಫೋಟೋ ತೆಗೆಸಿಕೊಂಡು ಹೋದರು. ಮತ್ತೆ ಹನಿ ಹಾಕಲು ಹೊತ್ತು ಉಳಿಯಲಿಲ್ಲ.

ಮಗಳದು ನಾಜೂಕಿನ ಆಟ. ಅಳೆದು ತೂಗಿ ಬಿಟ್ಟ ಅವಳ ಮೊದಲ ಕಲ್ಲು ಅರ್ಧದಲ್ಲೇ ನಿಂತಿತು. ಎರಡನೆಯದೂ ನಿಂತಿತು. ಜೊತೆಯ ಹುಡುಗಿಯರು ತೋಳು ಸೋಲುವಷ್ಟು ಉಜ್ಜಿದರು. ಎದುರಾಳಿಗಳು ಗಟ್ಟಿಮುಟ್ಟಾದ ಹುಡುಗಿಯರು, ಮೈಬಲದಿಂದ ದಬ್ಬಿ ದಬ್ಬಿಯೇ ಗೆದ್ದರು. ಐಸ್ ನೋಡಿಕೊಳ್ಳುವವನು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದ. ಅವನ ಕಪಾಳಕ್ಕೆ ಬಿಗಿಯಬೇಕೆಂದು ನನಗನಿಸಿತು.

ಮಗಳ ಕೋಚ್ ದೂರು ಕೊಟ್ಟರು. ಐಸ್ ಕೆಟ್ಟದ್ದು ವ್ಯವಸ್ಥಾಪಕರಿಂದಲೇ ಎಂದು ಸಂಜೆಯೊಳಗೆ ಬರೆದುಕೊಟ್ಟರೆ ಪಂದ್ಯ ಮತ್ತೆ ಆಡಿಸುತ್ತೇವೆ ಎಂದರು ತೀರ್ಪುಗಾರರು. ವ್ಯವಸ್ಥಾಪಕರ ಕಡೆಯಿಂದ ಅಲ್ಲಿದ್ದವನು ನಾನೇ ಆದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ಮಗಳು ಶೂ ಕೂಡ ಬಿಚ್ಚದೆ ಬಂದು ಬಾಗಿಲಲ್ಲಿ ನಿಂತಳು.

“ಅಪ್ಪಾ, ಒರೆಸಬೇಡಿ ಅಂತ ಆ ಭಯ್ಯಾ ನಿಮಗೆ ಹೇಳಿದ್ರಾ, ಇಲ್ವಾ?”

ಹೇಳಿದ್ದ ಎಂದೆ.

“ಹಾಗಾದ್ರೆ ಅದನ್ನೇ ಬರೀರಿ. ಬಸ್, ಇನ್ನೇನೂ ಬೇಡ.”

ನಾನು ಬರೆಯಲಿಲ್ಲ. ಹೆದರಿದೆ, ಅಷ್ಟೇ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಂಗಳದ ಸ್ಥಿತಿಯಲ್ಲಿ ಯಾವ ಲೋಪವೂ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಅಲ್ಲೇ ನಿಂತು ಓದಿದಳು. ಮೆಟ್ರೋದಲ್ಲಿ ಬೇರೆ ಬೋಗಿ ಹತ್ತಿ ಮನೆಗೆ ಹೋದಳು.

ವಾರದ ನಂತರ ಕ್ರೀಡಾಕೂಟದ ಫೋಟೋಗಳು ಬಂದವು. ಅವಳು ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಾನು ದಿನಾ ಕೂರುವ ಮೇಜಿನ ಎದುರಿನ ಗೋಡೆಗೆ ಅಂಟಿಸಿದಳು. ಕೀಳಲು ಹೋದೆ. ಇರಲಿ ಬಿಡಿ, ಚೆನ್ನಾಗಿ ಬಂದಿದೆ ಎಂದಳು, ಅಚ್ಚ ಕನ್ನಡದಲ್ಲಿ. ಅದು ಈಗಲೂ ಅಲ್ಲೇ ಇದೆ. ಐಸ್ ಥಳಥಳ ಹೊಳೆಯುತ್ತಿದೆ, ಮುಖ್ಯ ಅತಿಥಿ ಕೈಬೀಸುತ್ತಿದ್ದಾರೆ, ಅವರ ಪಕ್ಕದಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೇನೆ.