ಬಾ ಅಲ್ಲಾಲರ ಬೆರಳುಗಳು
ಸೆಫ್ರೂ ಪೇಟೆಯಲ್ಲಿ ಮೂಳೆ ಕೂರಿಸುವ, ಎಲ್ಲರೂ ‘ಬಾ’ ಅಂದರೆ ಅಪ್ಪ ಎಂದೇ ಕರೆಯುವ ಬಾ ಅಲ್ಲಾಲರ ಬೆರಳುಗಳಿಗೆ ಸಂಶಯವೆಂಬುದೇ ಗೊತ್ತಿಲ್ಲ ಎನ್ನುತ್ತಾರೆ. ಕಾಲ್ಚೆಂಡಾಟದಲ್ಲಿ ಊರಿದ ಪಾದದ ಮೇಲೆ ಗಕ್ಕನೆ ತಿರುಗಿ, ಮಂಡಿಚಿಪ್ಪು ಹೊರಮಗ್ಗುಲಿಗೆ ಜಾರಿದವನನ್ನು ಹೊತ್ತು ತಂದರೆ ಅವರು ಮೊದಲು ಕೇಳುವುದು, "ನಿಮ್ಮಮ್ಮನ ಕುಸ್ಕುಸ್ ರುಚಿಯೋ, ನಿಮ್ಮತ್ತೇದೋ?" ಅವನು ನಗುತ್ತಾನೆ, ಬಿಗಿದ ತೊಡೆ ಸಡಿಲವಾಗುತ್ತದೆ, ಕಾಲನ್ನು ಮೆಲ್ಲನೆ ನೇರ ಮಾಡುವಷ್ಟರಲ್ಲಿ ಚಿಪ್ಪು ತನ್ನ ಜಾಗಕ್ಕೆ ಮರಳಿರುತ್ತದೆ. "ಶುಕ್ರವಾರ ಆಡಬಹುದಾ, ಬಾ?" "ಮೊದಲು ಆಸ್ಪತ್ರೇಲಿ ಎಕ್ಸ್‌ರೇ, ಆಮೇಲೆ ಪಟ್ಟಿ, ತೊಡೆಗೆ ಕಸರತ್ತು. ಆಟ ಮೂರು ತಿಂಗಳಾದ್ಮೇಲೆ ನೋಡೋಣ, ಕತ್ತೆ!" "ನಿಮ್ಮ ಬೆರಳಿಗೆ ಕಾಣದ್ದು ಆ ಯಂತ್ರಕ್ಕೆ ಕಾಣತ್ತಾ?" ಎಂದು ಯಾರಾದರೂ ಹೊಗಳಿದರೆ ಅವರು ಒಳಮನೆಯ ಬಾಗಿಲತ್ತ ನೋಡುತ್ತಾರೆ. ಎಕ್ಸ್‌ರೇ ಬೇಡವೆಂದು ಅವರು ಬೆರಳುಗಳನ್ನಷ್ಟೇ ನಂಬಿದ್ದು ಒಂದೇ ಮಂಡಿಯ ವಿಷಯದಲ್ಲಿ. ಅದರೊಳಗೆ ಮೂಳೆಯ ಚೂರೊಂದು ಮುರಿದು ಉಳಿದಿತ್ತು. ಆ ಮಂಡಿಯವಳು, ಅವರ ಮಗಳು ಇಟ್ಟೊ, ಈಗಲೂ ಬಂದವರಿಗೆಲ್ಲ ಕುಂಟುತ್ತಲೇ ಪುದೀನ ಚಹಾ ತಂದಿಡುತ್ತಾಳೆ.