ಕ್ಯಾಮರಾಕ್ಕೆ ಅಡ್ಡ ಬಂದ ಮುದ್ದೆ

ನಾಲ್ಕು ತಿಂಗಳಿಂದ ಮಲದ ಜೊತೆ ರಕ್ತ ಹೋಗುತ್ತಿತ್ತು. ಮುಚ್ಚಿಡುವುದಕ್ಕೆ ಅದೇನು ಒಡವೆಯಲ್ಲ. ಕಾಮಾಕ್ಷಿಪಾಳ್ಯದ ನಮ್ಮ ಬೀದಿಯ ಹೆಂಗಸರಿಗೆ ಹೇಳಿದೆ. ಅಲ್ಲಿ ಎಲ್ಲರೂ ಡಾಕ್ಟರೇ.

"ಉಷ್ಣ ಕಣಕ್ಕ, ಮಜ್ಜಿಗೆ ಕುಡೀರಿ" ಅಂದಳು ಹೂವಿನವಳು.

"ಮೂಲವ್ಯಾಧಿ. ಸುವರ್ಣಗೆಡ್ಡೆ ತಿನ್ನಿ, ನಮ್ಮತ್ತೆಗೆ ಹಾಗೇ ಹೋಯ್ತು" ಅಂದಳು ಎದುರು ಮನೆಯವಳು. ಅವಳತ್ತೆ ಹೋಗಿ ಆರು ವರ್ಷವಾಗಿತ್ತು. ಆದರೂ ಸುವರ್ಣಗೆಡ್ಡೆಯನ್ನು ಸಾರು ಮಾಡಿ, ಪಲ್ಯ ಮಾಡಿ, ಹುರಿದು ತಿಂದೆ. ಗೆಡ್ಡೆ ಮಾರುವವನು ಉದ್ಧಾರವಾದ, ರಕ್ತ ಮಾತ್ರ ನಿಲ್ಲಲಿಲ್ಲ.

ಒಂದು ದಿನ ಕಕ್ಕಸು ತೊಳೆಯುವಾಗ ಸೊಸೆ ನೋಡಿಬಿಟ್ಟಳು. ಗಾರ್ಮೆಂಟ್ಸ್‌ನಲ್ಲಿ ಅವಳದು ಚೆಕಿಂಗ್ ಕೆಲಸ. ಷರ್ಟಿನಲ್ಲಿ ಒಂದು ಹೊಲಿಗೆ ತಪ್ಪಿದ್ದರೂ ಬಿಡುವವಳಲ್ಲ, ನನ್ನನ್ನು ಬಿಡುತ್ತಾಳೆಯೇ? ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ಹುಡುಗಿ, ಮಾತು ಮಾತ್ರ ನೇರ. "ಮೂಲವ್ಯಾಧಿನೂ ಇರಬಹುದು ಅಜ್ಜಿ, ಕರುಳಿನ ಕ್ಯಾನ್ಸರೂ ಇರಬಹುದು. ಒಳಗೆ ಕ್ಯಾಮರಾ ಬಿಟ್ಟು ನೋಡದೆ ನಾನೂ ಹೇಳಕ್ಕಾಗಲ್ಲ, ನಿಮ್ಮ ಎದುರು ಮನೆಯವರೂ ಹೇಳಕ್ಕಾಗಲ್ಲ."

ಕ್ಯಾಮರಾ ಬಿಡುವ ಹಿಂದಿನ ದಿನ ಪೂರ್ತಿ ಬರೀ ಗಂಜಿತಿಳಿ, ಎಳನೀರು. ಸಂಜೆ ಭೇದಿಯಾಗಲು ಔಷಧಿ. ಕರುಳು, ತೊಳೆದ ಪಾತ್ರೆಯಂತೆ ಇರಬೇಕಂತೆ.

ಸೊಸೆ ಡ್ಯೂಟಿಗೆ ಹೋದಳು. ಮಧ್ಯಾಹ್ನಕ್ಕೆ ನನಗೆ ಹಸಿವು ತಡೆಯಲಾಗಲಿಲ್ಲ. ಆಸ್ಪತ್ರೆಗೆ ಹೊರಟವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೆರಿಗೆ ನೋವಿನಲ್ಲೂ ನಮ್ಮತ್ತೆ ನನಗೆ ಮುದ್ದೆ ನುಂಗಿಸಿಯೇ ಆಟೋ ಹತ್ತಿಸಿದ್ದಳು. ಒಂದೇ ಒಂದು ಮುದ್ದೆ, ಒಂದು ಸೌಟು ಸೊಪ್ಪಿನ ಬಸ್ಸಾರು ತಿಂದೆ. ಸಂಜೆ ಆ ಉಪ್ಪುಪ್ಪು ಔಷಧಿ ಕುಡಿದು ಕಕ್ಕಸಿಗೆ ಎಷ್ಟು ಸಲ ಓಡಿದೆನೆಂದರೆ, ತಿಂದದ್ದೆಲ್ಲ ಮೋರಿ ಹಿಡಿದು ಕೆಂಗೇರಿ ದಾಟಿರುತ್ತದೆ ಎಂದುಕೊಂಡೆ.

ಮಾರನೆಯ ದಿನ ಮಂಪರು ಇಳಿದು ಕಣ್ಣು ಬಿಟ್ಟಾಗ ಡಾಕ್ಟರಮ್ಮ ಎದುರಿಗೇ ನಿಂತಿದ್ದಳು.

"ಅಜ್ಜಿ, ನಿನ್ನೆ ಏನ್ ತಿಂದ್ರಿ?"

"ಎಳನೀರು."

"ಎಳನೀರಲ್ಲಿ ದಂಟಿನ ಸೊಪ್ಪು ಬರುತ್ತಾ? ಅರ್ಧ ದಾರಿ ಬರೀ ಸೊಪ್ಪು, ಏನೂ ಕಾಣಿಸ್ಲಿಲ್ಲ. ಮುಂದಿನ ವಾರ ಮತ್ತೆ ಬನ್ನಿ."

ಆಟೋದಲ್ಲಿ ಸೊಸೆ ವಿಜಯನಗರ ಬರುವವರೆಗೂ ಆಸ್ಪತ್ರೆಯ ಬಿಲ್ಲನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ನಿಮಗೆ ಮುದ್ದೆ ಬೇಕೋ ಜೀವ ಬೇಕೋ ಅತ್ತೆ?" ಅಂದಳು. ಎರಡೂ ಬೇಕು ಅನ್ನಬೇಕೆಂದಿದ್ದೆ. ಅವಳ ಕಣ್ಣು ನೋಡಿ "ಜೀವ" ಅಂದೆ.

ಎರಡನೇ ಸಲ ಅವಳು ರಜೆ ಹಾಕಿ, ಅಡಿಗೆಮನೆಗೆ ಬೀಗ ಹಾಕಿ, ನನ್ನೆದುರು ಕುರ್ಚಿ ಹಾಕಿಕೊಂಡು ಕೂತಳು. ಈ ಸಲ ಕರುಳು ಶುದ್ಧವಾಗಿತ್ತು. ಒಳಗೆ ದ್ರಾಕ್ಷಿ ಗಾತ್ರದ ಒಂದು ಗಂಟು ಸಿಕ್ಕಿತು. ಅಲ್ಲೇ ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

ವರದಿ ಬರುವವರೆಗಿನ ವಾರದಲ್ಲಿ ನಾನು ಯಾರ ಜೊತೆಯೂ ಜಗಳವಾಡಲಿಲ್ಲ. ಬೀದಿಯವರಿಗೆ ಅದೇ ದೊಡ್ಡ ಗಾಬರಿಯಾಯಿತು.

"ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ರೆ ಆಗ್ತಿತ್ತು" ಅಂದಳು ಡಾಕ್ಟರಮ್ಮ. "ಮೂರು ವರ್ಷಕ್ಕೆ ಮತ್ತೆ ಬನ್ನಿ. ಇದು ರಕ್ತಸಂಬಂಧಿಕರಿಗೂ ಬರಬಹುದು, ನಿಮ್ಮ ಮಕ್ಕಳು, ಒಡಹುಟ್ಟಿದವರೂ ಬಂದು ತೋರಿಸಬೇಕು. ರಕ್ತ ಬರಲಿ ಅಂತ ಕಾಯಬಾರದು."

ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಮಗನಿಗೆ ಫೋನು ಮಾಡಿದೆ, ಒಪ್ಪಿಕೊಂಡ. ಮಲ್ಲತ್ತಹಳ್ಳಿಯ ತಮ್ಮ ಒಪ್ಪಲಿಲ್ಲ.

"ನನಗೇನಾಗಿದೆ ಅಕ್ಕ? ಗಂಡಸು ನಾನು, ಹಿಂದಿನಿಂದ ಕ್ಯಾಮರಾ ಅಂದ್ರೆ... ಮರ್ಯಾದೆ ಅಂತ ಒಂದಿರುತ್ತಲ್ಲ?"

"ಲೋ, ಚಿಕ್ಕಂದಿನಲ್ಲಿ ನಿನ್ನ ಅಂಡು ತೊಳೆದವಳು ನಾನು. ಅಲ್ಲಿ ಮರ್ಯಾದೆ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ ಕಣೋ."

ಆ ಕಡೆಯಿಂದ ತಮ್ಮ, "ಗುರುವಾರ ಆಗುತ್ತಾ ಕೇಳಿ ನೋಡು" ಅಂದ.